ಓದುಗರ ಪ್ರಶ್ನೆ: ಲಾಂಚರ್ ಇಲ್ಲದೆ ಗೇಮ್ ಆಡುವುದು ಹೇಗೆ?

ಪ್ರಶ್ನೆ: ಡಿಆರ್‌ಎಂ (ಕಾಪಿ ತಡೆಯುವ ಡಿಜಿಟಲ್ ಬೀಗ) ಇಲ್ಲ ಎಂದು ಜಿಒಜಿ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಗೇಮ್ ಕೊಂಡೆ. ಡೌನ್‌ಲೋಡ್ ಆದ ಫೈಲ್ ತೆರೆದರೆ ಗ್ಯಾಲಕ್ಸಿ ಎಂಬ ಬೇರೆ ಸಾಫ್ಟ್‌ವೇರ್ ಬಂತು. ಅದು ಬೇಕೇಬೇಕೇ? (ದಾವಣಗೆರೆ)

ಬೇಡ. ಗ್ಯಾಲಕ್ಸಿ ಜಿಒಜಿಯ ಲಾಂಚರ್, ಅಂದರೆ ಗೇಮ್‌ಗಳನ್ನು ಇಳಿಸಿ ತೆರೆಯುವ ಸಾಫ್ಟ್‌ವೇರ್. ನೀವು ಒತ್ತಿದ್ದು ಬೇರೆ ಬಟನ್, ಅಷ್ಟೇ. ಖಾತೆಯ ಗೇಮ್ ಪಟ್ಟಿಯಲ್ಲಿ ಗೇಮ್ ತೆರೆದಾಗ ಎದ್ದು ಕಾಣುವುದು ಗ್ಯಾಲಕ್ಸಿ ಮೂಲಕ ಇನ್‌ಸ್ಟಾಲ್ ಮಾಡುವ ಬಟನ್. ಅದರ ಕೆಳಗೆ 'ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್' ಎಂಬ ವಿಭಾಗವಿದೆ. ಗ್ಯಾಲಕ್ಸಿ ಇಲ್ಲದೆಯೇ ಇನ್‌ಸ್ಟಾಲ್ ಮಾಡುವ ಫೈಲ್‌ಗಳು ಅಲ್ಲಿವೆ, ನಿಮಗೆ ಬೇಕಾದ್ದು ಅದು. 2008ರಲ್ಲಿ ಪೋಲೆಂಡಿನ ಸಿಡಿ ಪ್ರೊಜೆಕ್ಟ್ ಶುರುಮಾಡಿದ ಈ ಅಂಗಡಿಯ ಹೆಚ್ಚುಗಾರಿಕೆಯೇ ಆ ಫೈಲ್‌ಗಳು. ಅದನ್ನು ಇಷ್ಟು ಕೆಳಗೆ ಇಟ್ಟಿರುವುದು ನಮಗಂತೂ ಸರಿಕಾಣುವುದಿಲ್ಲ.

ಪ್ರಶ್ನೆ: ಆ ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟಿದ್ದೆ. ಈಗ ಇನ್‌ಸ್ಟಾಲ್ ಮಾಡಲು ಹೋದರೆ ಅರ್ಧದಲ್ಲಿ ನಿಂತು 'ಮುಂದಿನ ಡಿಸ್ಕ್ ಹಾಕಿ' ಎನ್ನುತ್ತಿದೆ. ನನ್ನಲ್ಲಿ ಯಾವ ಡಿಸ್ಕೂ ಇಲ್ಲ! (ಶಿರಸಿ)

ಡಿಸ್ಕ್ ಹುಡುಕಬೇಡಿ. ದೊಡ್ಡ ಗೇಮ್ ಒಂದು ಚಿಕ್ಕ ಇಎಕ್ಸ್‌ಇ (ಒತ್ತಿದರೆ ಓಡುವ ಫೈಲ್) ಮತ್ತು ಗೇಮ್‌ನ ತುಂಡುಗಳಿರುವ ಹಲವು ಬಿನ್ ಫೈಲ್‌ಗಳಾಗಿ ಬರುತ್ತದೆ. ಇನ್‌ಸ್ಟಾಲರ್ ಕಟ್ಟಲು ಬಳಸಿರುವ ಇನ್ನೋ ಸೆಟಪ್ ಎಂಬ ಸಾಫ್ಟ್‌ವೇರ್ ಹಳೆಯ ಕಾಲದ್ದು. ಮುಂದಿನ ತುಂಡು ಸಿಗದಿದ್ದರೆ ಈಗಲೂ ಡಿಸ್ಕ್ ಕೇಳುತ್ತದೆ. ಫೋಲ್ಡರ್ ತೆರೆದು ಹೆಸರುಗಳನ್ನು ನೋಡಿ: ಕೊನೆಯಲ್ಲಿ -1, -2, -3 ಎಂದು ಸಾಲಾಗಿ ಇರಬೇಕು. ಡೌನ್‌ಲೋಡ್ ಕಡಿದುಹೋಗಿ ಎರಡನೇ ಸಲ ಇಳಿಸಿದ್ದರೆ ಬ್ರೌಸರ್ ಹೆಸರಿನ ಕೊನೆಗೆ '(1)' ಸೇರಿಸಿರುತ್ತದೆ. ಅರೆಬರೆ ಫೈಲ್ ಅಳಿಸಿ, ಆ '(1)' ತೆಗೆದು ಮೂಲ ಹೆಸರು ಕೊಡಿ. ಎಲ್ಲವೂ ಒಂದೇ ಫೋಲ್ಡರ್‌ನಲ್ಲಿರಲಿ, ಒಂದೇ ಆವೃತ್ತಿಯದಾಗಿರಲಿ. ಹೋದ ತಿಂಗಳ ಇಎಕ್ಸ್‌ಇಗೆ ಈ ತಿಂಗಳ ಬಿನ್ ಹೊಂದುವುದಿಲ್ಲ. ಆವೃತ್ತಿ ಸಂಖ್ಯೆ ಫೈಲ್ ಹೆಸರಿನಲ್ಲೇ ಇದೆ.

ಡಿಎಲ್‌ಸಿಗಳಿಗೆ (ಗೇಮ್‌ಗೆ ಸೇರಿಸುವ ಹೆಚ್ಚುವರಿ ಭಾಗಗಳಿಗೆ) ಬೇರೆ ಇನ್‌ಸ್ಟಾಲರ್ ಇರುತ್ತದೆ. ಮೂಲ ಗೇಮ್ ಹಾಕಿದ ಮೇಲೆ, ಅದೇ ಫೋಲ್ಡರ್‌ಗೆ ಹಾಕಿ. ಇಳಿಸಿದ ದಿನವೇ ನೆಟ್ ಕಡಿದು ಒಮ್ಮೆ ಇನ್‌ಸ್ಟಾಲ್ ಮಾಡಿ, ಆಡಿ ನೋಡಿ. ಪರೀಕ್ಷಿಸದ ಬ್ಯಾಕಪ್ ಲೆಕ್ಕಕ್ಕಿಲ್ಲ. ಲಿನಕ್ಸ್ ಇದ್ದವರು ಇನ್ನೋಎಕ್ಸ್‌ಟ್ರಾಕ್ಟ್ ಎಂಬ ಟೂಲ್ ಬಳಸಿದರೆ ಇನ್‌ಸ್ಟಾಲ್ ಮಾಡದೆಯೇ ತುಂಡುಗಳನ್ನು ಪರೀಕ್ಷಿಸಬಹುದು.

ಪ್ರಶ್ನೆ: ಗ್ಯಾಲಕ್ಸಿ ಬಿಟ್ಟರೆ ಏನು ಕಳೆದುಕೊಳ್ಳುತ್ತೇನೆ? ಇನ್ನೊಂದು ಗೇಮ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಗೇಮ್‌ಗಳ ಕಥೆ ಏನು? (ಮೈಸೂರು)

ತಾನಾಗಿ ಆಗುವ ಅಪ್‌ಡೇಟ್, ಕ್ಲೌಡ್ ಸೇವ್ (ಆಟದ ಪ್ರಗತಿ ನೆಟ್‌ನಲ್ಲಿ ಉಳಿಯುವುದು), ಅಚೀವ್‌ಮೆಂಟ್ (ಸಾಧನೆಯ ಬ್ಯಾಡ್ಜ್) ಹೋಗುತ್ತವೆ. ಕೆಲವು ಗೇಮ್‌ಗಳ ಮಲ್ಟಿಪ್ಲೇಯರ್‌ಗೂ ಅದು ಬೇಕು. ಒಬ್ಬರೇ ಆಡುವುದಾದರೆ ಅಡ್ಡಿಯಿಲ್ಲ. ಸೇವ್ ಫೈಲ್‌ಗಳನ್ನು ಮಾತ್ರ ನೀವೇ ಕಾಪಿ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್ ಅಥವಾ ಆಪ್‌ಡೇಟಾ ಒಳಗೆ ಸಿಗುತ್ತವೆ. ವಿಂಡೋಸ್ ಹೊಸದಾಗಿ ಹಾಕುವ ಮುನ್ನ ಇದನ್ನು ಮರೆತವರೇ ಹೆಚ್ಚು.

ಸ್ಟೀಮ್‌ನಲ್ಲಿ ಕೊಳ್ಳುವಾಗ ಸಿಗುವುದು ಲೈಸೆನ್ಸ್ (ಆಡುವ ಅನುಮತಿ ಮಾತ್ರ) ಎಂದು 2024ರ ಅಕ್ಟೋಬರ್‌ನಿಂದ ಪಾವತಿ ಪುಟದಲ್ಲೇ ಬರೆದಿರುತ್ತದೆ. ಆದರೂ ಅಲ್ಲಿನ ಕೆಲವು ಗೇಮ್‌ಗಳಿಗೆ ಡಿಆರ್‌ಎಂ ಇಲ್ಲ. ಇಳಿಸಲು ಮಾತ್ರ ಸ್ಟೀಮ್ ಬೇಕು, ಆಮೇಲೆ ಫೋಲ್ಡರ್ ಕಾಪಿ ಮಾಡಿಟ್ಟರೂ ಓಡುತ್ತವೆ. ಸ್ಟೀಮ್ ಮುಚ್ಚಿ, ಫೋಲ್ಡರ್‌ನಲ್ಲಿರುವ ಇಎಕ್ಸ್‌ಇ ನೇರವಾಗಿ ಒತ್ತಿ ನೋಡಿ. ಸ್ಟೀಮ್ ತಾನೇ ಎದ್ದು ಬಂದರೆ ಆ ಕಾಪಿಯನ್ನು ನಂಬಬೇಡಿ.