ನಿದ್ದೆಯಲ್ಲಿ ಕೈ ಜೋಮು ಹಿಡಿಯುತ್ತದೆ, ಏನು ಮಾಡಲಿ?

ವಾರದಲ್ಲಿ ಮೂರ್ನಾಲ್ಕು ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಕೊಡವಿದರೆ ಸರಿಹೋಗುತ್ತದೆ, ಹಗಲು ಏನೂ ಇರುವುದಿಲ್ಲ ಎಂದು ಬರೆದಿದ್ದೀರಿ. ನನಗೂ ಸುಮಾರು 6 ತಿಂಗಳು ಹೀಗೇ ಆಗುತ್ತಿತ್ತು. ಮೊದಲ ಸಲ ನಿಜಕ್ಕೂ ಹೆದರಿದ್ದೆ. ಆ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಪಕ್ಕಕ್ಕೆ ಇಡಬೇಕಾಯಿತು.

ಮೊದಲು ಒಂದು ವಿಷಯ ನೋಡಿಕೊಳ್ಳಿ: ಜೋಮು ಹಿಡಿಯುವುದು ಯಾವ ಬೆರಳುಗಳಿಗೆ? ಕೇಳಿದರೆ ಎಲ್ಲರೂ ‘ಇಡೀ ಕೈ’ ಅನ್ನುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ರಾತ್ರಿ ಕೈ ಕೊಡವುವ ಮೊದಲು ಒಂದೊಂದೇ ಬೆರಳು ಮುಟ್ಟಿ ನೋಡಿದೆ. ಕಿರುಬೆರಳು ಪೂರ್ತಿ ಮರಗಟ್ಟಿತ್ತು, ಉಂಗುರ ಬೆರಳು ಅರ್ಧ. ಉಳಿದ ಮೂರಕ್ಕೆ ಏನೂ ಆಗಿರಲಿಲ್ಲ!

ಈ ಎರಡು ಬೆರಳಿಗೆ ಹೋಗುವ ನರ ಮೊಣಕೈಯ ಒಳಬದಿಯಲ್ಲಿ ಚರ್ಮದ ಕೆಳಗೇ ಹಾದುಹೋಗುತ್ತದೆ. ಅಲ್ಲಿ ಏಟು ಬಿದ್ದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ವಾ, ಅದೇ ನರ. ಮೊಣಕೈ ಪೂರ್ತಿ ಮಡಚಿದಾಗ ಅದು ಎಳೆದುಕೊಳ್ಳುತ್ತದೆ, ಒತ್ತಡಕ್ಕೂ ಸಿಗುತ್ತದೆ. ನಾನು ಕೈ ಮಡಚಿ ಕೆನ್ನೆಯ ಕೆಳಗೆ ಇಟ್ಟುಕೊಂಡು ಮಲಗುವವಳು. ರಕ್ತ ಓಡಾಟ ನಿಂತುಹೋಗಿದೆ ಅಂತ ಸುಮ್ನೆ ಕೊರಗಿದ್ದೆ.

ಒಂದು ಟವೆಲ್ ಅನ್ನು ಮೊಣಕೈಗೆ ಸಡಿಲವಾಗಿ ಸುತ್ತಿ ಮಲಗಲು ಶುರು ಮಾಡಿದೆ. ಬಿಗಿಯಾಗಿ ಕಟ್ಟಬೇಡಿ, ಕೈ ಪೂರ್ತಿ ಮಡಚದಂತೆ ತಡೆದರೆ ಸಾಕು. ಮೊದಲ ಎರಡು ರಾತ್ರಿ ನಿದ್ದೆಯಲ್ಲೇ ಕಿತ್ತು ಎಸೆದಿದ್ದೆ. ಆಮೇಲೆ ರೂಢಿಯಾಯಿತು. ಹಗಲಲ್ಲಿ ಮೇಜಿನ ಮೇಲೆ ಮೊಣಕೈ ಊರುವುದನ್ನೂ, ಫೋನನ್ನು ಜಾಸ್ತಿ ಹೊತ್ತು ಕಿವಿಗೆ ಹಿಡಿಯುವುದನ್ನೂ ಬಿಟ್ಟೆ. ಮೂರು ವಾರದಲ್ಲಿ ಎಚ್ಚರವಾಗುವುದು ನಿಂತಿತು.

ನಿಮ್ಮದು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಆಗಿದ್ದರೆ ಟವೆಲ್‌ನಿಂದ ಉಪಯೋಗವಿಲ್ಲ. ಆ ನರ ಬೇರೆ, ಅದು ಒತ್ತಿಕೊಳ್ಳುವುದು ಹೆಚ್ಚಾಗಿ ಮಣಿಕಟ್ಟಿನಲ್ಲಿ. ಅದಕ್ಕೆ ಕಾರ್ಪಲ್ ಟನಲ್ ಅನ್ನುತ್ತಾರೆ. ಮಣಿಕಟ್ಟು ಮಡಚದಂತೆ ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ರಾತ್ರಿ ಹಾಕಿಕೊಂಡು ಮಲಗಬೇಕು. ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ತೊಂದರೆ ಇದ್ದವರಿಗೆ ಇದು ಜಾಸ್ತಿ. ಹಾಗಾಗಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಜೋಮು ಹಗಲಲ್ಲೂ ಉಳಿದರೆ, ಕೈಯಿಂದ ವಸ್ತುಗಳು ಜಾರತೊಡಗಿದರೆ, ಪಾದಗಳಿಗೂ ಬಂದರೆ ಡಾಕ್ಟರಿಗೆ ತೋರಿಸಿ. ಇನ್ನೊಂದು ಮಾತು. ಇದ್ದಕ್ಕಿದ್ದಂತೆ ಒಂದು ಬದಿಯ ಕೈಕಾಲು ಸೋತರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಅದು ಜೋಮು ಅಲ್ಲ. ಆಗ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ಇವತ್ತು ರಾತ್ರಿ ಎಚ್ಚರವಾದರೆ, ಕೊಡವುವ ಮೊದಲು ಬೆರಳು ಮುಟ್ಟಿ ನೋಡಿ. ಯಾವ ಬೆರಳುಗಳು ಅಂತ ಗೊತ್ತಾದ ಮೇಲೆ ದಯವಿಟ್ಟು ನನಗೂ ತಿಳಿಸಿ.