ಫೋಮ್ ಉದುರಿದ ಹಳೆ ಸ್ಪೀಕರ್ ಕೊಳ್ಳಬಹುದಾ?

80ರ ದಶಕದ ಸ್ಪೀಕರ್ ಜೋಡಿ, 8,000 ರೂಪಾಯಿ, ವೂಫರ್ (ದಪ್ಪ ಸದ್ದು ಕೊಡುವ ದೊಡ್ಡ ಭಾಗ) ಸುತ್ತಲಿನ ಫೋಮ್ ಉದುರಿದೆ, ಕೊಳ್ಳಲಾ ಅಂತ ಕೇಳಿದ್ದೀರಿ. ಫೋಮಿಗೆ ಹೆದರಬೇಡಿ. ಬಳಸಿದರೂ ಬಿಟ್ಟರೂ ಅದು ಹದಿನೈದು ಇಪ್ಪತ್ತು ವರ್ಷದಲ್ಲಿ ಪುಡಿಯಾಗುವುದೇ. ಹೊಸ ರಿಂಗ್ ಅಂಟಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಟ್ವೀಟರ್ (ತೆಳು ಸದ್ದು ಕೊಡುವ ಚಿಕ್ಕ ಭಾಗ) ಸತ್ತಿದ್ದರೆ ಮಾತ್ರ ಬಿಟ್ಟುಬಿಡಿ. ಅದೇ ಮಾಡೆಲಿನದು ಸಿಗುವುದು ಕಷ್ಟ.

ವೂಫರಿನ ಕೋನನ್ನು ಎರಡೂ ಬದಿ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ. ಸಮವಾಗಿ ಒತ್ತಿದರೂ ಕರಕರ ಅಂದರೆ ಒಳಗೆ ಕಾಯಿಲ್ (ತಂತಿಯ ಸುರುಳಿ) ಉಜ್ಜುತ್ತಿದೆ. ವಿದ್ಯುತ್ ರೋಧ ಅಳೆಯುವ ಮಲ್ಟಿಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು, ಸರಿಯಿರುವ 8 ಓಮ್ ವೂಫರ್ ಸುಮಾರು 6 ಓಮ್ ತೋರಿಸುತ್ತದೆ. ಆಮೇಲೆ ಒಂದೊಂದೇ ಸ್ಪೀಕರಿನಲ್ಲಿ ಹಾಡು ಕೇಳಿ. ಮಾರುವವರು ‘ಆಂಪ್ (ಸ್ಪೀಕರ್ ನಡೆಸುವ ಆಂಪ್ಲಿಫೈಯರ್) ಇಲ್ಲ, ಮನೇಲಿ ನೋಡ್ಕೊಳ್ಳಿ’ ಅಂದರೆ ಸುಮ್ನೆ ಅರ್ಧ ಬೆಲೆ ಹೇಳಿ. ಅಂದಹಾಗೆ, ನಿಮ್ಮ ಹತ್ತಿರ ಆಂಪ್ ಇದೆ ಅಲ್ವಾ? ಇವನ್ನು ಫೋನಿಗೆ ನೇರ ಜೋಡಿಸಲು ಆಗುವುದಿಲ್ಲ.