ಶುಗರ್ ನಾರ್ಮಲ್ ಇದೆ, ಆದ್ರೂ ಮಾತ್ರೆ ಯಾಕೆ ನಿಲ್ಲಿಸಬೇಕು?

ಪ್ರಶ್ನೆ: ನಮ್ಮಮ್ಮನಿಗೆ 61 ವರ್ಷ. ಮುಂದಿನ ವಾರ ಪಿತ್ತಕೋಶದ ಕಲ್ಲಿಗೆ ಆಪರೇಷನ್. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ತಗೊಳ್ತಾರೆ. ಅದನ್ನು 3 ದಿನ ಮೊದಲೇ ನಿಲ್ಲಿಸಿ ಅಂದಿದ್ದಾರೆ. ನಿಲ್ಲಿಸಿದರೆ ಶುಗರ್ ಏರಲ್ವಾ?
– ಓದುಗರು, ದಾವಣಗೆರೆ

ಉತ್ತರ: ಸ್ವಲ್ಪ ಏರಬಹುದು. ಅದನ್ನು ಇನ್ಸುಲಿನ್ ಕೊಟ್ಟು ಇಳಿಸಬಹುದು. ಮಾತ್ರೆ ಮಾತ್ರ ನಿಲ್ಲಿಸಲೇಬೇಕು.

ಈ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಆಪರೇಷನ್ ಅಂದರೆ ಖಾಲಿ ಹೊಟ್ಟೆ, ಜೊತೆಗೆ ದೇಹಕ್ಕೆ ದೊಡ್ಡ ಪೆಟ್ಟು. ಆಗ ದೇಹ ಸಕ್ಕರೆ ಬಿಟ್ಟು ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ. ಕೊಬ್ಬು ಕರಗುವಾಗ ಹುಟ್ಟುವ ಕೀಟೋನ್ ಎಂಬ ಆಮ್ಲ ಪದಾರ್ಥ ಜಾಸ್ತಿಯಾಗಿ ರಕ್ತ ಆಮ್ಲವಾಗುತ್ತದೆ. ಇದೇ ಕೀಟೋಆಸಿಡೋಸಿಸ್. ಜೀವಕ್ಕೇ ಅಪಾಯ. ಅಪರೂಪ ನಿಜ, ಆದರೆ ಕಣ್ತಪ್ಪಿಸಿ ಬರುತ್ತದೆ. ಸಾಮಾನ್ಯವಾಗಿ ಇದು ಬಂದಾಗ ಶುಗರ್ 300, 400 ದಾಟಿರುತ್ತದೆ, ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಈ ಮಾತ್ರೆ ತಗೊಂಡವರಲ್ಲಿ ಮೀಟರ್ 170 ತೋರಿಸುತ್ತಿರಬಹುದು. ಆಪರೇಷನ್ ಮಾಡಿದ ಮರುದಿನ ವಾಂತಿ, ಹೊಟ್ಟೆನೋವು, ಜೋರು ಉಸಿರಾಟ. ಮನೆಯವರು ‘ಗ್ಯಾಸ್ ಇರಬೇಕು’ ಅಂತ ಸುಮ್ಮನಾಗುತ್ತಾರೆ. ದಯವಿಟ್ಟು ಸುಮ್ಮನಾಗಬೇಡಿ. ‘ಇವರು ಈ ಮಾತ್ರೆ ತಗೊಳ್ತಿದ್ರು, ರಕ್ತದಲ್ಲಿ ಕೀಟೋನ್ ನೋಡ್ತೀರಾ?’ ಅಂತ ಕೇಳಿ.

3 ದಿನದ ಲೆಕ್ಕ ನಿಮ್ಮ ಡಾಕ್ಟರ್ ಒಬ್ಬರದ್ದೇ ಅಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಇದನ್ನು ಹೇಳಿದೆ. ಇದೇ ಗುಂಪಿನ ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್‌ಗೂ ಕನಿಷ್ಠ 3 ದಿನ, ಅರ್ಟುಗ್ಲಿಫ್ಲೋಜಿನ್‌ಗೆ 4.

ಈಗ ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಶುಗರ್ ಔಷಧದ ಜೊತೆ ಸೇರಿಸಿದ ಮಾತ್ರೆಗಳೂ ಸಿಗುತ್ತವೆ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ‘ಗ್ಲಿಫ್ಲೋಜಿನ್’ ಅಂತ ಕೊನೆಯಾಗುವ ಹೆಸರಿದೆಯಾ ನೋಡಿ. ಹಾರ್ಟ್‌ಗೆ, ಕಿಡ್ನಿಗೆ ಅಂತಲೂ ಇದನ್ನು ಕೊಡುತ್ತಾರೆ, ಶುಗರ್ ಇಲ್ಲದವರಿಗೂ. ಬಾಯಲ್ಲಿ ಹೇಳುವುದಕ್ಕಿಂತ ಸ್ಟ್ರಿಪ್ಪನ್ನೇ ಅರಿವಳಿಕೆ ಡಾಕ್ಟರ್ ಕೈಗೆ ಕೊಡಿ. ಇನ್ಸುಲಿನ್ ತಗೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬಾರದು.

ಶುಗರ್‌ಗೋ ತೂಕ ಇಳಿಸಲೋ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಇಂಜೆಕ್ಷನ್ ತಗೊಳ್ಳುವವರ ತೊಂದರೆ ಬೇರೆ. ಅವರ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ. ರಾತ್ರಿ ಉಂಡ ಅನ್ನ ಬೆಳಗ್ಗೆಯೂ ಅಲ್ಲೇ ಇರಬಹುದು, ಅರಿವಳಿಕೆ ಕೊಟ್ಟಾಗ ಶ್ವಾಸಕೋಶಕ್ಕೆ ಹೋಗಬಹುದು. 2023ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘ ಒಂದು ವಾರ ಮೊದಲೇ ನಿಲ್ಲಿಸಿ ಅಂದಿತ್ತು. 2024ರ ಸಲಹೆ ಪ್ರಕಾರ ಹೆಚ್ಚಿನವರು ಮುಂದುವರಿಸಬಹುದು, ಅಪಾಯ ಇರುವವರು ಹಿಂದಿನ 24 ಗಂಟೆ ಬರೀ ದ್ರವಾಹಾರದಲ್ಲಿರಬೇಕು. ಅದನ್ನು ಡಾಕ್ಟರೇ ತೀರ್ಮಾನಿಸಲಿ.

ಅಮ್ಮ ಮಾತ್ರೆ ಮತ್ತೆ ಶುರು ಮಾಡುವುದು ಎಂದಿನಂತೆ ಉಣ್ಣಲು ಶುರು ಮಾಡಿದ ಮೇಲೆ, ಡಾಕ್ಟರ್ ಹೇಳಿದಾಗ. ಎರಡು ಇಡ್ಲಿಯೂ ಹೊಟ್ಟೆಯಲ್ಲಿ ನಿಲ್ಲದಿರುವಾಗ ಬೇಡ.